ಬಿಡ್ತು ಅನ್ನಬಾರದ ಕೋಣೆ

ನಾನು ಹುಚ್ಚಿಯ ಪಾರ್ಟು ಮಾಡಿದೆ ಎಂದು ಬೆಟಗೇರಿಯಲ್ಲಿ ಕೆಲವರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ನಾನು ಮಾಡಿದ್ದು ಹೆದರಿದವಳ ಪಾರ್ಟು. ಹುಚ್ಚಿಗೂ ಹೆದರಿದವಳಿಗೂ ಫರಕು ಗೊತ್ತಿಲ್ಲದವರ ಮುಂದೆ ಬಾಯಿ ಸವೆಸುವುದಕ್ಕಿಂತ ಬರೆದಿಡುವುದು ಮೇಲು. ನಾನು ಕಲಿತದ್ದು ಮೂರನೇ ಇಯತ್ತೆ. ಒತ್ತಕ್ಷರ ತಪ್ಪಿದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನೇ ತಿದ್ದಲು ಬಂದಾಗ ಪೆನ್ನು ಕಸಿದುಕೊಂಡಿದ್ದೇನೆ.

ಗದಗಿನ ಒಂದು ಸಭಾಭವನದಲ್ಲಿ ಆರು ವಾರ, ವಾರಕ್ಕೆ ಎರಡು ದಿನ, ತರಬೇತಿ ಇತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ನರ್ಸುಗಳು, ಆಪ್ತಸಮಾಲೋಚಕರು ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಕಲಿಯುತ್ತಿದ್ದದ್ದು ಮನಸ್ಸಿನ ಬೇನೆಯನ್ನು ಮಾತಿನಿಂದಲೇ ಇಳಿಸುವ ವಿದ್ಯೆ, ಅದಕ್ಕೆ ಸಿಬಿಟಿ ಅನ್ನುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಅದು ಕಾಳು ಹಸನು ಮಾಡುವ ಕೆಲಸ. ತಲೆಗೆ ಬಂದ ವಿಚಾರ ಒಂದು ಕಡೆ, ಎದೆಯ ಸಂಕಟ ಒಂದು ಕಡೆ, ಅದರಿಂದ ನಾವು ಮಾಡಿದ ದಡ್ಡ ಕೆಲಸ ಒಂದು ಕಡೆ. ಬೇರೆ ಬೇರೆ ಮಾಡಿ ಬೆಳಕಿಗೆ ಹಿಡಿದು, ಯಾವುದು ಕಾಳು, ಯಾವುದು ಹರಳು ಎಂದು ರೋಗಿಯ ಕೈಯಿಂದಲೇ ಆರಿಸಬೇಕು. ನಾವು ಆರಿಸಿ ಕೊಡಬಾರದು. ಅದೇ ಅವರ ದೊಡ್ಡ ಗುಟ್ಟು.

ನನಗೂ ಅದಕ್ಕೂ ಏನು ಸಂಬಂಧ ಅಂದರೆ ರೊಟ್ಟಿ. ಅವರ ಮಧ್ಯಾಹ್ನದ ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ನನ್ನ ಮನೆಯಿಂದ ಹೋಗುತ್ತಿತ್ತು.

ಎರಡನೇ ದಿನ ಬುಟ್ಟಿ ಹೊತ್ತುಕೊಂಡು ಒಳಗೆ ಹೋದರೆ ನಾಟಕ ನಡೆದಿತ್ತು. ಕಲಿಯುವವರಿಗೆ ಅಭ್ಯಾಸಕ್ಕೆ ರೋಗಿ ಬೇಕಲ್ಲ, ಹಿಂದೆ ಕಂಪನಿ ನಾಟಕದಲ್ಲಿ ಪಾರ್ಟು ಮಾಡುತ್ತಿದ್ದ ಒಬ್ಬ ಹಿರಿಯರನ್ನು ಕರೆಸಿದ್ದರು. ಅವರದು ಚಿಂತೆಯಿಂದ ನಿದ್ದೆ ಬಾರದ ಗೃಹಸ್ಥನ ಪಾತ್ರ. ಅವರು ಕುರ್ಚಿಯಿಂದ ಎದ್ದು, ಎದೆ ಗುದ್ದಿಕೊಂಡು, "ಎಲೈ ವಿಧಿಯೇ!" ಎಂದು ಶುರು ಮಾಡಿದರು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಯಾರೋ ಒನ್ಸ್ ಮೋರ್ ಅಂದರು. ಅವರು ಸಂತೋಷದಿಂದ ಇನ್ನೊಮ್ಮೆ ಗುದ್ದಿಕೊಂಡರು.

ಕಲಿಸಲು ಬಂದಿದ್ದ ಡಾಕ್ಟರಮ್ಮ ಮೈಸೂರು ಕಡೆಯವರು. ಬಹಳ ಮೆತ್ತಗೆ, "ಸರ್, ಸ್ವಲ್ಪ ಕಡಿಮೆ ಮಾಡ್ಬಹುದಾ?" ಅಂದರು.

ನನಗೆ ತಡೆಯಲಾಗಲಿಲ್ಲ. "ಹಿಂಗ ಯಾರ ಅಳತಾರ್ರೀ? ಖರೇನ ಹೆದರಿದವ್ರು ಅಳೂದಿಲ್ಲ. ಸಾಸಿವಿ ಡಬ್ಬಿ ಎಲ್ಲಿ ಐತಿ ಅಂತ ಮೂರ ಸಲ ಕೇಳತಾರ. ಡಬ್ಬಿ ಕೈಯಾಗ ಇರತೈತಿ."

ಡಾಕ್ಟರಮ್ಮ ನನ್ನನ್ನು ನೋಡಿದರು. "ಅಜ್ಜಿ, ಒಂದ್ನಿಮಿಷ ಇಲ್ಲಿ ಕೂತ್ಕೋತೀರಾ?"

"ರೊಟ್ಟಿ ಆರತಾವ್ರಿ."

"ಆರಲಿ ಬಿಡಿ."

ಹಾಗೆ ನಾನು ರೋಗಿಯಾದೆ.

ಕೈಗೆ ಒಂದು ಚೀಟಿ ಕೊಟ್ಟರು. ಅದರ ಪ್ರಕಾರ ನಾನು ನಲವತ್ತು ವರ್ಷದ ಶಿಕ್ಷಕಿ, ಸಭೆಯಲ್ಲಿ ಮಾತಾಡಲು ಅಂಜುತ್ತೇನೆ. ನನಗೆ ಎಪ್ಪತ್ತೆರಡು. ಸಭೆ ಇರಲಿ, ಮದುವೆ ಮಂಟಪದಲ್ಲೂ ನನ್ನ ಬಾಯಿ ಮುಚ್ಚಿಸಿದವರಿಲ್ಲ. ಚೀಟಿ ಮಡಚಿ ಕುಪ್ಪಸದಲ್ಲಿಟ್ಟು, ಲಕ್ಷ್ಮೇಶ್ವರದಲ್ಲಿರುವ ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಪಾರ್ಟಿಗೆ ಎತ್ತಿಕೊಂಡೆ. ಅವಳ ಮಗ ಎರಡು ಮಕ್ಕಳ ತಂದೆ, ಬೈಕಿನ ಮೇಲೆ ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಾನೆ. ಇವಳು ದಿನಕ್ಕೆ ಇಪ್ಪತ್ತು ಸಲ ಅವನಿಗೆ ಫೋನು ಹಚ್ಚುತ್ತಾಳೆ. ಎತ್ತಲಿಲ್ಲ ಅಂದರೆ ಎದೆ ಡವಡವ, ಕೈಕಾಲು ತಣ್ಣಗೆ, ದವಾಖಾನೆ, ಸಲೈನು. ಬೈಕು ಓಡಿಸುವಾಗ ಫೋನು ಎತ್ತಿದರೆ ನಿಜವಾಗಿಯೂ ಸಾಯುತ್ತಾನಲ್ಲೇ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಬೈಗುಳದಿಂದ ಒಂದು ಫೋನೂ ಕಡಿಮೆಯಾಗಲಿಲ್ಲ.

ನನ್ನೆದುರು ಕೂತವಳು ಮುಂಡರಗಿ ತಾಲ್ಲೂಕಿನ ದವಾಖಾನೆಯ ಸಿಸ್ಟರು. ತವರು ಹೊಳೆದಂಡೆಯ ಕೊರ್ಲಹಳ್ಳಿ. ಹದಿನಾಲ್ಕು ವರ್ಷ ಸೂಜಿ ಚುಚ್ಚಿದ ಕೈ. ಈ ವಿದ್ಯೆ ಅವಳಿಗೆ ಯಾಕೆ ಬೇಕಾಗಿತ್ತು ಎಂದು ಊಟದ ಹೊತ್ತಿಗೆ ಹೇಳಿದಳು.

"ಆಯಿ, ನಿಮ್ಮ ಪಾರ್ಟಿನಾಗ ಇದ್ದಂಗ ಎದಿ ಡವಡವ ಅಂತ ದಿನಾ ನಾಕ ಮಂದಿ ಹೆಣ್ಮಕ್ಕಳು ಬರತಾರ. ಎದಿ ಚಲೋ ಇರತೈತಿ. ಸಲೈನ್ ಹಚ್ರಿ ಅಂತಾರ, ಹಚ್ಚತೀವಿ. ಹೋಗತಾರ, ಮತ್ತ ಎಂಟ ದಿನಕ್ಕ ಬರತಾರ. ಹೆದರಿಕಿಗೆ ಸಲೈನ್ ಹಚ್ಚಿ ಹಚ್ಚಿ ಬ್ಯಾಸರ ಆಗೇತ್ರಿ."

ಅವಳ ದವಾಖಾನೆಯಲ್ಲಿ ಒಂದು ಕೋಣೆಯನ್ನು ಇದಕ್ಕೆಂದು ತೆರವು ಮಾಡಿದ್ದರು. ಇವಳು ತರಬೇತಿ ಪಾಸಾದರೆ ಕೋಣೆ ಇವಳದು. ನಪಾಸಾದರೆ ಔಷಧದ ಡಬ್ಬಿ ತುಂಬುವ ಉಗ್ರಾಣ. ಆಗಲೇ ಯಾರೋ ಬಾಗಿಲ ಹತ್ತಿರ ಎರಡು ಡಬ್ಬಿ ತಂದಿಟ್ಟು ಕಾಯುತ್ತಿದ್ದರಂತೆ.

ಅವಳು ಜಾಣೆ. ಕೇಳುವ ರೀತಿಯೇ ಚಂದ. ಹೆದರಿಕೆಗೆ ನೂರರಲ್ಲಿ ಎಷ್ಟು ಕೊಡುತ್ತೀರಿ ಎಂದು ಪುಸ್ತಕದಲ್ಲಿದ್ದಂತೆ ಕೇಳಿದಾಗ ನಾನು, "ಅದೇನ ಪರೀಕ್ಷಾ ಮಾರ್ಕ್ಸ್ ಏನ ಬೇ?" ಅಂದೆ. ಅವಳು ತಡವರಿಸಲಿಲ್ಲ. "ಆತ್ರಿ, ಒಂದ ಸೇರಿನಾಗ ಎಷ್ಟ ಪಾವು ಹೆದರಿಕಿ?" ಅಂದಳು. ತುಂಬಿದ ಸೇರು, ನಾಲ್ಕಕ್ಕೆ ನಾಲ್ಕು ಪಾವು ಅಂದೆ. ಡಾಕ್ಟರಮ್ಮ ಹಿಂದೆ ಕೂತು ನಕ್ಕು, ತಮ್ಮ ಹಾಳೆಯಲ್ಲಿ ನೂರು ಎಂದು ಬರೆದುಕೊಂಡರು.

ಎಡವಟ್ಟಾಗುತ್ತಿದ್ದುದು ಒಂದೇ ಕಡೆ. ಹೆದರಿಕೆಯ ಬುಡ ಸಿಗುವತನಕ ಕೆಳಗಿಳಿಯಬೇಕು. ಹಾಗಾದರೆ ಏನಾಗುತ್ತದೆ, ಆಮೇಲೆ ಏನಾಗುತ್ತದೆ ಎಂದು ಕೇಳುತ್ತಾ ಹೋಗಬೇಕು.

"ಮಗ ಫೋನ್ ಎತ್ತಲಿಲ್ಲ. ಆವಾಗ ಏನ ಅನಸತೈತ್ರಿ?"

"ಬಿದ್ದಾನ ಅನಸತೈತಿ."

"ಬಿದ್ರ?"

"ಲಾರಿ ಬರತೈತಿ."

"ಆಮ್ಯಾಲೆ?"

"ಆಮ್ಯಾಲೇನು, ಸತ್ತ ಹೋಗತಾನ."

"ಬಿಡ್ತು ಅನ್ರೀ ಆಯಿ!"

ಅಂದವಳೇ ಬಾಯಿ ಮುಚ್ಚಿಕೊಂಡಳು. ಹಿಂದೆ ಕೂತ ಅಷ್ಟೂ ಮಂದಿ, ತಾವಿದ್ದರೂ ಅದನ್ನೇ ಅನ್ನುತ್ತಿದ್ದವರು, ಹೋ ಎಂದು ನಕ್ಕರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ನೋಡಿ, ಅವರು ಎಷ್ಟೋ ವರ್ಷದಿಂದ ಯಾರಿಗೂ ಹೇಳದೇ ಇದ್ದದ್ದನ್ನ ಈಗ ಹೇಳಿದ್ರು. ನೀವು ವಾಪಸ್ ನುಂಗಿ ಅಂದ್ರಿ."

ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ಬಾಯಲ್ಲಿ ಅನ್ನಲಿಲ್ಲ, ಕೈ ಎತ್ತಿ ನನ್ನ ಬಾಯನ್ನೇ ಮುಚ್ಚಲು ಬಂದಳು. ಪಾಪ ಅನ್ನಬೇಕೋ, ಎರಡು ಬಿಡಬೇಕೋ ತಿಳಿಯಲಿಲ್ಲ. ಕೆಟ್ಟದ್ದು ಕಿವಿಗೆ ಬಿದ್ದ ಕೂಡಲೇ ನಮ್ಮ ಬಾಯಿಂದ ಆ ಮಾತು ಸೀನು ಬಂದಂತೆ ಬರುತ್ತದೆ. ಸೀನನ್ನು ತಡೆ ಎಂದರೆ ಹೇಗೆ?

ಕೊನೆಯ ವಾರ ಪರೀಕ್ಷೆ. ಹಿಂದಿನ ದಿನ ಅವಳು ಸಂಜೆಯ ಬಸ್ಸು ಬಿಟ್ಟು ಅದರ ಮುಂದಿನ ಬಸ್ಸಿಗೆ ಹೋಗುತ್ತೇನೆಂದು ನನ್ನ ಮನೆಗೆ ಬಂದಳು. ಅಭ್ಯಾಸ ಮಾಡಿಸಿ ಎಂದಳು. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ನಾಳೆ ನಾ ಸಾಯತೀನಿ."

"ಬಿ..."

ಹಿಟ್ಟಿನ ಕೈಯಿಂದ ಅವಳ ಮೊಣಕಾಲಿಗೆ ಒಂದು ಏಟು ಕೊಟ್ಟೆ.

"ಈ ಮನಿ ಬೀಳತೈತಿ."

ಕೈಯಿಂದ ತನ್ನ ಬಾಯಿ ಒತ್ತಿಕೊಂಡಳು.

"ಬಾಜೂ ಮನಿಯಾಕಿ ಗಂಡ ಗೊಟಕ್ ಅಂತಾನ."

ಗೋಡೆಯ ಆ ಕಡೆಯಿಂದ ಬಾಜೂ ಮನೆಯವಳ ದನಿ ಬಂತು. "ಯವ್ವಾ! ಬಿಡ್ತು ಅನ್ನಬೇ ಮುದುಕಿ! ನಿನ್ನ ನಾಲಿಗಿಗೆ ಏನ ಬಂದೈತಿ?"

"ಸರಕಾರಿ ಕೆಲಸ ಬೇ! ನೀ ಸುಮ್ಮನಿರು!" ಎಂದು ನಾನೂ ಕೂಗಿದೆ. ಹುಚ್ಚಿಯ ಸುದ್ದಿ ಹುಟ್ಟಿದ್ದು ಇಲ್ಲಿಂದಲೇ.

ಇಪ್ಪತ್ತು ರೊಟ್ಟಿ ಮುಗಿಯುವ ಹೊತ್ತಿಗೆ ಸಿಸ್ಟರು ಸ್ವಲ್ಪ ಗಟ್ಟಿಯಾಗಿದ್ದಳು. ಆದರೂ ಪ್ರತಿ ಸಲ ಆ ಮಾತು ತುಟಿಯ ತನಕ ಬಂದು ಹೋಗುತ್ತಿತ್ತು. ನಾನು ಸಿಟ್ಟಿನಿಂದ, "ಒಂದ ಮಾತ ತಡಕೊಳ್ಳಾಕ ಇಷ್ಟ ತ್ರಾಸ ಏನ? ನಾ ಹುಟ್ಟಿದಾಗಿಂದ ಯಾರಿಗೂ ಅಂದಾಕಿ ಅಲ್ಲ," ಎಂದು ಜಂಬ ಕೊಚ್ಚಿದೆ.

ಅವಳು ನನ್ನನ್ನೇ ನೋಡಿದಳು. ಮೆಲ್ಲಗೆ, "ಹೌದ್ರಿ? ನಿಮ್ಮ ಮೊಮ್ಮಗಳು ಕಾಲೇಜಿಂದ ಇನ್ನೂ ಬಂದಿಲ್ಲ. ಬಸ್ಸು ಏನರ..."

"ಬಾಯಿ ಮುಚ್ಚು! ಬಿಡ್ತು ಅನ್!"

ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಇಬ್ಬರೂ ಅದನ್ನು ನೋಡುತ್ತಾ ಕೂತೆವು. ಅವಳು ನಗಲಿಲ್ಲ, ತಪ್ಪಾಯಿತು ಅನ್ನಲಿಲ್ಲ. "ಈಗ ನಿಮ್ಮ ತಲಿಯಾಗ ಏನ ಬಂತ್ರಿ?" ಎಂದು ಕೇಳಿದಳು. ಆರು ವಾರದಲ್ಲಿ ಮೊದಲ ಸಲ ಅವಳು ನನ್ನನ್ನು ಕೇಳಿದ್ದು, ನೆಗೆಣ್ಣಿಯನ್ನಲ್ಲ.

ನಾನು ಖರೆ ಹೇಳಿದೆ. ಬಸ್ಸು ಕಂಡಿತು, ಹುಡುಗಿ ಕಾಣಲಿಲ್ಲ ಎಂದೆ. ಬಿಡ್ತು ಅಂದ ಕೂಡಲೇ ಬಸ್ಸು ಹೋಯಿತೇ ಎಂದಳು. ಇಲ್ಲ, ಅಲ್ಲೇ ನಿಂತಿದೆ ಎಂದೆ.

"ಹಂಗಾರ ಆ ಮಾತಿನಿಂದ ಯಾರಿಗೆ ಆರಾಮ ಆತ್ರಿ?"

"ಯಾರಿಗೂ ಇಲ್ಲ. ನೀ ಬಾಯಿ ಮುಚ್ಚಿದಿ, ಅದಷ್ಟ ಬೇಕಾಗಿತ್ತು ನನಗ."

ಅವಳು ಅದನ್ನು ತನ್ನ ವಹಿಯಲ್ಲಿ ಬರೆದುಕೊಂಡಳು. ನಾನೂ ಯೋಚಿಸಿದೆ. ಇಷ್ಟು ವರ್ಷ ಎಷ್ಟು ಮಂದಿಯ ಬಾಯಿಯನ್ನು ಹೀಗೆ ಮುಚ್ಚಿಸಿದ್ದೇನೋ. ನೆಗೆಣ್ಣಿಯದಂತೂ ಲೆಕ್ಕವಿಲ್ಲ. ಅಷ್ಟರಲ್ಲಿ ಮೊಮ್ಮಗಳು ಬಂದಳು. ಕರಿದಾದ ರೊಟ್ಟಿ ಯಾರದು ಎಂದಳು. ನಿನ್ನದು ಎಂದೆ.

ಮರುದಿನ ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯ ಡಾಕ್ಟರು ಬಂದರು. ಧಾರವಾಡದ ಕಡೆಯ ಮಾತು, ದಪ್ಪ ಕನ್ನಡಕ, ಮುಖದಲ್ಲಿ ನಗೆ ಇಲ್ಲ. ಡಾಕ್ಟರಮ್ಮನ ಪಕ್ಕ ಹಾಳೆ ಹಿಡಿದು ಕೂತರು. ಸಿಸ್ಟರಿನ ಸರದಿ ಬಂತು. ಅವಳು ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು ಕೂತಳು.

ಚೆನ್ನಾಗಿಯೇ ಹೋಯಿತು. ಸೇರು ತುಂಬಿತು. ಫೋನು, ಬೈಕು, ಲಾರಿ ಎಲ್ಲ ದಾಟಿ ಬುಡಕ್ಕೆ ಬಂದೆವು.

"ಆಮ್ಯಾಲೆ?"

"ಆಮ್ಯಾಲೆ ಸತ್ತ ಹೋಗತಾನ."

ಕೋಣೆ ಗಪ್ಪಾಯಿತು. ಅವಳ ತುಟಿ ಅಲುಗಲಿಲ್ಲ. ಆ ಗಪ್ಪಿನಲ್ಲಿ ಹಿಂದಿನಿಂದ ದಪ್ಪ ದನಿ ಬಂತು.

"ಬಿಡ್ತು ಅನ್ರಿ."

ಕನ್ನಡಕದ ಡಾಕ್ಟರು! ಡಾಕ್ಟರಮ್ಮ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಕಿಟಕಿಯ ಹತ್ತಿರ ಯಾರೋ ಕೆಮ್ಮಿದಂತೆ ಮಾಡಿ ನಕ್ಕರು. ನನಗೂ ನಗು ಬಂದು ಹೊಟ್ಟೆ ಕುಣಿಯಿತು. ಇನ್ನು ಇವಳ ಕೋಣೆಗೆ ಡಬ್ಬಿ ಹೋದವು ಅಂದುಕೊಂಡೆ.

ಅವಳು ಹಿಂದಿರುಗಿ ನೋಡಲಿಲ್ಲ. ನನ್ನ ಕಣ್ಣಿನಲ್ಲಿ ಕಣ್ಣಿಟ್ಟು, ಅಡುಗೆಮನೆಯಲ್ಲಿ ಮಾತಾಡಿದಷ್ಟೇ ದನಿಯಲ್ಲಿ, "ಸತ್ತ ಮ್ಯಾಲೆ ಏನ ಆಗತೈತ್ರಿ ಆಯಿ?" ಅಂದಳು.

ಅಭ್ಯಾಸದಲ್ಲಿ ಇಲ್ಲಿಯ ತನಕ ಯಾರೂ ಬಂದೇ ಇರಲಿಲ್ಲ. ನೆಗೆಣ್ಣಿ ಏನು ಹೇಳುತ್ತಾಳೋ ನನಗೇನು ಗೊತ್ತು? ನನ್ನ ಗಂಡ ಸತ್ತದ್ದು ನೆನಪಾಯಿತು, ಅದನ್ನೇ ಹೇಳಿದೆ.

"ಮಂದಿ ಬರತಾರ. ಉಣ್ಣು ಅಂತಾರ. ಒಲ್ಲೆ ಅಂತೀನಿ. ಮೂರನೇ ದಿನಕ್ಕ ಯಾರೋ ಪಲ್ಯಾ ತರತಾರ. ಉಣ್ತೀನಿ. ಉಪ್ಪು ಕಡಿಮಿ ಆಗೇತಿ ಅನಸತೈತಿ. ಹಂಗ ಅನಸ್ತಲ್ಲ ಅಂತ ನಾಚಿಕಿ ಬರತೈತಿ. ಆದ್ರೂ ಉಪ್ಪು ಹಾಕ್ಕೊತೀನಿ."

ಯಾರೂ ನಗಲಿಲ್ಲ. ಅವಳು, "ಹೆದರಿಕಿ ಈಗ ಎಷ್ಟ ಪಾವು ಐತ್ರಿ?" ಎಂದಳು.

ನೋಡಿಕೊಂಡೆ. "ಮೂರು."

ಒಂದೇ ಪಾವು ಇಳಿದದ್ದು. ಆದರೆ ಇಳಿದದ್ದು ಖರೆ, ಪಾರ್ಟಿನದಲ್ಲ.

ಅವಳು ಪಾಸಾದಳು. ಕನ್ನಡಕದ ಡಾಕ್ಟರು ಊಟಕ್ಕೆ ಕೂತಾಗ ನನ್ನನ್ನು ಕರೆದು, "ಅಮ್ಮಾರ, ನಾ ಇಪ್ಪತ್ತ ವರ್ಷದಿಂದ ಇದನ್ನ ಕಲಿಸಾಕತ್ತೀನಿ," ಎಂದರು. ಅಷ್ಟೇ ಅಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ತಿಂಗಳಾದ ಮೇಲೆ ನಾನು ನೆಗೆಣ್ಣಿಯನ್ನು ಎಳೆದುಕೊಂಡು ಮುಂಡರಗಿಗೆ ಹೋದೆ. ಸಲೈನು ಹಚ್ಚುತ್ತಾರೆ ಎಂದು ಸುಳ್ಳು ಹೇಳಿ ಕರೆತಂದದ್ದು. ಕೋಣೆ ಚಿಕ್ಕದು, ಎರಡು ಕುರ್ಚಿ, ಒಂದು ಕಿಟಕಿ. ನಾನು ಮೂರನೇ ಕುರ್ಚಿ ಹುಡುಕುತ್ತಿದ್ದರೆ ಸಿಸ್ಟರು ಬಾಗಿಲು ತೋರಿಸಿದಳು.

"ನೀವು ಹೊರಗ ಕುಂಡ್ರಿ ಆಯಿ."

"ಲೇ, ನಾ ಕಲಿಸಿದಾಕಿ!"

"ಹೌದ್ರಿ. ಹೊರಗ."

ಹೊರಗೆ ಕೂತು ಬಾಗಿಲಿಗೆ ಕಿವಿ ಹಚ್ಚಿದೆ. ಏನೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ನೆಗೆಣ್ಣಿ ಹೊರಗೆ ಬಂದಳು. ಮೂಗು ಕೆಂಪಾಗಿತ್ತು. ದಿನಕ್ಕೆ ಇಪ್ಪತ್ತರ ಬದಲು ಹತ್ತು ಫೋನು, ಅದೂ ಅವನು ಬೈಕಿನ ಮೇಲೆ ಇಲ್ಲದ ಹೊತ್ತಿಗೆ ಎಂದು ಒಪ್ಪಿಕೊಂಡಿದ್ದಾಳಂತೆ. ಅಷ್ಟು ಮಾತ್ರ ಹೇಳಿದಳು.

"ಒಳಗ ಏನ ಕೇಳಿದ್ಲು?"

"ನಿನಗ್ಯಾಕ?"

"ನೀ ಏನ ಹೇಳಿದಿ?"

"ನಿನಗ್ಯಾಕ ಅಂದೆ."

ನಲವತ್ತೈದು ವರ್ಷ ಒಂದೇ ಮನೆತನದ ಸೊಸೆಯರು ನಾವು. ಅವಳು ನನ್ನಿಂದ ಮುಚ್ಚಿಟ್ಟ ಮೊದಲ ಮಾತು ಅದು. ಮೈ ಉರಿಯಿತು. ಬಸ್ಸಿನಲ್ಲಿ ಅವಳು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಳಗಿನ ಫೋನನ್ನು ಬಟ್ಟೆಯ ಮೇಲಿಂದಲೇ ಹಿಡಿದುಕೊಂಡಿದ್ದಳು, ಓಡಿಹೋಗುವ ಕೋಳಿಯನ್ನು ಹಿಡಿದಂತೆ. ತೆಗೆಯಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ.

ಶಿರಹಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಫೋನು ತಾನೇ ಬಡಿದುಕೊಂಡಿತು. ಅವಳು ಎತ್ತಿದಳು. ಮಗನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಯವ್ವಾ, ಎಲ್ಲಿ ಅದೀ? ಮೂರ ತಾಸಿಂದ ಒಂದೂ ಫೋನಿಲ್ಲ! ಏನಾತು? ಯಾರರ ಮಾತಾಡ್ರಿ!"

ನೆಗೆಣ್ಣಿ ಫೋನನ್ನು ಕಿವಿಯಿಂದ ದೂರ ಹಿಡಿದು ನನ್ನ ಕೈಗೆ ಕೊಟ್ಟಳು.

"ತಗೋ, ನೀ ಮಾತಾಡು. ಇಂವಗ ಎಷ್ಟ ಪಾವು ಐತಿ ಕೇಳು."