ಅಂಗಿಯ ತೋಳು

ಬ್ಯಾಟರಿ ಮೇಸ್ತ್ರಿ ಕೈ ತೊಳೆಯುವುದೆಂದರೆ ಮನೆಯವರಿಗೆ ದಿನಾ ಒಂದು ತಮಾಷೆ. ಹಳೆಯ ಬ್ಯಾಟರಿ ಒಡೆದು ಒಳಗಿನ ಸೀಸ ಕರಗಿಸುವುದು ಅವನ ಕೆಲಸ. ಸಂಜೆ ಮನೆಗೆ ಬಂದರೆ ಮೂರು ಸಲ ಸೋಪು ಹಚ್ಚಿ, ಉಗುರಿನ ಸಂದಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿದ ಮೇಲೆಯೇ ಮಗಳನ್ನು ಎತ್ತಿಕೊಳ್ಳುತ್ತಿದ್ದ.

"ಸಾಕು ಬಿಡ್ರೀ, ಕೈ ಸವೆದು ಚಮಚ ಆಗೋಗುತ್ತೆ," ಎಂದು ಹೆಂಡತಿ ಛೇಡಿಸುವಳು.

"ವಿಷ ಕಣೇ ಇದು. ಮಗು ಇರೋ ಮನೆ."

ಮಗಳು ಗುಬ್ಬಿಗೆ ಆಗ ನಾಲ್ಕು ವರ್ಷ. ಅಪ್ಪ ಬಿಚ್ಚಿಟ್ಟ ಅಂಗಿ ಹೊದ್ದು, ಅದರ ತೋಳು ಚೀಪಿದರೆ ಮಾತ್ರ ಅವಳಿಗೆ ನಿದ್ದೆ. ಒಗೆದ ಅಂಗಿ ಕೊಟ್ಟರೆ ಮೂಸಿ ನೋಡಿ ಎಸೆಯುವಳು. ಅವಳ ರಂಪ ತಾಳಲಾರದೆ ತಾಯಿ ಆ ಅಂಗಿಯನ್ನು ವಾರಕ್ಕೊಮ್ಮೆ ಮಾತ್ರ ಒಗೆಯುತ್ತಿದ್ದಳು. ಅಪ್ಪನ ಮೇಲೆ ಮಗಳಿಗೆ ಎಷ್ಟು ಅಕ್ಕರೆ ಎಂದು ಇಬ್ಬರಿಗೂ ಒಳಗೊಳಗೇ ಹಿಗ್ಗು.

ಅವರ ಬೀದಿಯ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಆರೋಗ್ಯ ಕೇಂದ್ರದ ನರ್ಸಮ್ಮ ಹನ್ನೆರಡು ವರ್ಷಗಳಿಂದ ಪರೀಕ್ಷಿಸುತ್ತಿದ್ದಳು. ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತ ಮೇಲೆ, ಮನೆಗಳ ಹಳೆಯ ಬಣ್ಣ ಕೆರೆದು ತೆಗೆಸಿದ ಮೇಲೆ ಅವಳ ಕಡತದ ಅಂಕಿ ಇಳಿಯುತ್ತಲೇ ಬಂದಿತ್ತು. ಮೊದಲ ವರ್ಷ ಇಪ್ಪತ್ತರ ಮೇಲಿದ್ದ ಮಕ್ಕಳೇ ಹೆಚ್ಚು. ಈಗ ಐದು ದಾಟಿದವರೇ ಅಪರೂಪ. ಗುಬ್ಬಿಯ ಚೀಟಿಯಲ್ಲಿ ಮಾತ್ರ ಮೂವತ್ತೊಂದು ಇತ್ತು.

ಒಂದು ರಜೆಯ ಮಧ್ಯಾಹ್ನ ನರ್ಸಮ್ಮ ಮನೆಗೇ ಬಂದಳು. "ಅಣ್ಣಾ, ಬೀದಿಗೆಲ್ಲ ಇಳಿದಿರೋದು ನಿಮ್ಮನೇಲಿ ಯಾಕೆ ಏರಿದೆ?"

"ನಾನು ಕೈ ತೊಳ್ಕೊಂಡೇ ಮುಟ್ಟೋದು ಸಿಸ್ಟರ್." ಶಾಲೆಯ ಹುಡುಗನಂತೆ ಎರಡೂ ಅಂಗೈ ಚಾಚಿದ.

ಅವಳು ನಲ್ಲಿ ನೋಡಿದಳು, ಕಿಟಕಿಯ ಬಣ್ಣ ನೋಡಿದಳು, ಆಟದ ಸಾಮಾನು ಎತ್ತಿ ನೋಡಿದಳು. ಕೊನೆಗೆ ಮೂಲೆಯ ಚಾಪೆಯತ್ತ ತಿರುಗಿದಳು. ಗುಬ್ಬಿ ಮಲಗಿದ್ದಳು. ನರ್ಸಮ್ಮ ಕುಕ್ಕರಗಾಲಲ್ಲಿ ಕೂತು ಅಂಗಿಯ ತೋಳನ್ನು ಮಗುವಿನ ಬಾಯಿಂದ ಮೆಲ್ಲಗೆ ಬಿಡಿಸಿದಳು. ತುಟಿಯ ಅಂಚಿನಲ್ಲಿ ಬೂದು ಬಣ್ಣದ ಗೆರೆ ಉಳಿದಿತ್ತು.

ಮೇಸ್ತ್ರಿಯ ಕೈ ಇನ್ನೂ ಚಾಚಿಕೊಂಡೇ ಇತ್ತು.

ಮರುದಿನದಿಂದ ಅವನು ಅಂಗಡಿಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರತೊಡಗಿದ. ಅವನು ಪಕ್ಕದಲ್ಲೇ ಕೂತಿದ್ದರೂ ಗುಬ್ಬಿ ಎರಡು ವಾರ "ಅಪ್ಪ ಬೇಕು, ಅಪ್ಪ ಬೇಕು" ಎಂದು ಅತ್ತಳು.

ಎರಡು ವರ್ಷ ಕಳೆದ ಮೇಲೆ ಅಂಕಿ ಒಂಬತ್ತಕ್ಕೆ ಇಳಿಯಿತು. ಅಷ್ಟರಲ್ಲಿ ಗುಬ್ಬಿ ಒಂದನೇ ತರಗತಿಯಲ್ಲಿ ಹಿಂದೆ ಬಿದ್ದಿದ್ದಳು.

"ಇನ್ಮೇಲೆ ಎಲ್ಲ ಮಕ್ಕಳ ಥರಾ ಆಗ್ತಾಳಲ್ವಾ ಸಿಸ್ಟರ್?"

ನರ್ಸಮ್ಮ ಕಡತ ಮುಚ್ಚಿದಳು. "ಇನ್ನು ಹೆಚ್ಚಿಗೆ ಕೆಡಲ್ಲ ಅಣ್ಣಾ. ಅಷ್ಟು ಹೇಳಬಲ್ಲೆ."

ಗುಬ್ಬಿಗೆ ಈಗ ಹದಿನಾರು. ಉಪ್ಪು, ಸೋಪು ತಾ ಎಂದು ಕಳಿಸಿದರೆ ಉಪ್ಪು ಮಾತ್ರ ತರುತ್ತಾಳೆ. ಏನೋ ಬಿಟ್ಟುಬಂದೆ ಎಂದು ಅವಳಿಗೂ ಗೊತ್ತಾಗುತ್ತದೆ. ಹೊಸ್ತಿಲಲ್ಲೇ ನಿಂತು ಅಪ್ಪನ ಮುಖ ನೋಡುತ್ತಾಳೆ.

"ಅಯ್ಯೋ, ಸೋಪು ಹೇಳೋದನ್ನೇ ಮರೆತೆ ನೋಡು ಕಂದಾ," ಎನ್ನುತ್ತಾ ಮೇಸ್ತ್ರಿ ಚಪ್ಪಲಿ ಮೆಟ್ಟಿ ತಾನೇ ಹೊರಡುತ್ತಾನೆ.