ಮೂರನೆಯ ಪರ್ಸಿಯ ಅಳತೆ

ಹೈದರಾಬಾದ್ ಸಂಸ್ಥಾನದ ಆಡಳಿತ ಬದಲಾಗಿ, ಶಹಾಬಾದಿನ ನಮ್ಮ ಶಾಲೆಗೆ ಉರ್ದುವಿನ ಬದಲು ಕನ್ನಡದಲ್ಲಿ ಪಾಠಗಳು ಬಂದ ಹೊಸತು ಅದು. ಪುಸ್ತಕಗಳಿರಲಿಲ್ಲ, ಮಾಸ್ತರರು ಹೇಳಿ ಬರೆಸುತ್ತಿದ್ದರು, ನಾವು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದೆವು. ಆಳುವವರು ಬದಲಾದರೂ ಒಪ್ಪಿಸುವ ಅಭ್ಯಾಸ ಬದಲಾಗಿರಲಿಲ್ಲ.

"ತೂಕ ಎಷ್ಟು ಪಟ್ಟೋ ಹಿಗ್ಗುವಿಕೆ ಅಷ್ಟು ಪಟ್ಟು" ಎಂದು ಬರೆಸಿದ ಮಾಸ್ತರರು, ಮರುದಿನ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಗೂಟಕ್ಕೆ ಕಟ್ಟಿದರು. ತೂಕಕ್ಕೆ, ಗಣಿಯಿಂದ ತಂದ ಸಮತೂಕದ ಪರ್ಸಿ ಹಾಸುಗಲ್ಲಿನ ಚೂರುಗಳು. ಬಿಸಿಲಿಗೆ ಕಾದ ರಬ್ಬರಿನ ವಾಸನೆಯೂ ನಮ್ಮ ರೊಟ್ಟಿಗಂಟುಗಳ ಶೇಂಗಾ ಹಿಂಡಿಯ ಘಮವೂ ಕೋಣೆಯಲ್ಲಿ ಬೆರೆತಿದ್ದವು. ಬೆರಳಿಟ್ಟು ಅಳೆಯುವ ಕೆಲಸ ನನ್ನದು. ಮೊದಲ ಕಲ್ಲಿಗೆ ಒಂದು ಬೆರಳು ಹಿಗ್ಗಿತು. ಎರಡನೆಯದಕ್ಕೆ ಇನ್ನೂ ಒಂದೂವರೆ. ಮೂರನೆಯದಕ್ಕೆ ಮತ್ತೆ ಎರಡು ಬೆರಳು ದಾಟಿತು.

"ಬರ್ಸಿದ್ದು ತಪ್ಪ ಅದ್ರೀ ಮಾಸ್ತರ," ಎಂದೆ.

ಅವರು ತಾವೇ ಅಳೆದು ನೋಡಿದರು. "ಖರೇನೇ ಅದ. ಆದ್ರ ನಾಳೆ ತಪಾಸಣಿಗಿ ಸಾಹೇಬ್ರು ಬರ್ತಾರ. ಬರ್ಸಿದ್ದೇ ಹೇಳವ್ವ."

ಪಾಸು ನಪಾಸು ಮಾಡುವವರು ಸಾಹೇಬರೇ; ನನಗದು ಸಣ್ಣ ಮಾತಾಗಿರಲಿಲ್ಲ. ಪಾಸಾದರೆ ಮುಂದಿನ ಜಮಾತು, ನಪಾಸಾದರೆ ಮನೆ ಎಂದು ಅಪ್ಪ ಮೊದಲೇ ತೀರ್ಮಾನಿಸಿದ್ದ.

ಸಾಹೇಬರು ಕೇಳಿದಾಗ ಇಡೀ ಜಮಾತು ಒಪ್ಪಿಸಿತು. ನಾನು ಬಾಯಿ ತೆರೆಯಲಿಲ್ಲ.

"ಈಕಿಗಿ ನಾಲಿಗಿ ಇಲ್ಲೇನು?"

"ಅದರಿ. ಟ್ಯೂಬು ಹಂಗ ಹಿಗ್ಗಂಗಿಲ್ರಿ. ಕಲ್ಲು ಕಟ್ಟಿ ತೋರಸ್ಲೇನ್ರಿ?"

"ನನಗೇ ಕಲಿಸ್ತೀ?"

"ನಾ ಅಲ್ರಿ, ಕಲ್ಲು ಕಲಿಸ್ತದ."

ಹಿಂದಿನ ಸಾಲಿನಿಂದ ಯಾರೋ, "ಏ ಶಾಣ್ಯಾಕಿ, ಸತ್ತಿ ಇವತ್ತ!" ಎಂದು ಕಿಸಕ್ಕನೆ ನಕ್ಕರು. ಸಾಹೇಬರು ಗೂಟದತ್ತ ತಿರುಗಿಯೂ ನೋಡದೆ ನನ್ನನ್ನು ನಪಾಸು ಮಾಡಿದರು.

"ಮುಗೀತು. ಇನ್ನ ಸಾಲಿ ಬ್ಯಾಡ," ಎಂದ ಅಪ್ಪ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕಣ್ಣಿಗಿ ಕಂಡದ್ದು ಹೇಳ್ಯಾಳ. ಅದೇ ಜಮಾತಿನ್ಯಾಗ ಇನ್ನೊಂದು ವರ್ಸ ಕುಂದರ್ತಾಳ. ಮನ್ಯಾಗ ಕುಂದ್ರಂಗಿಲ್ಲ."

ಕುಳಿತೆ. ಅದೇ ವಾಕ್ಯವನ್ನು ವರ್ಷವಿಡೀ ಕೇಳಿದೆ, ಒಮ್ಮೆಯೂ ಒಪ್ಪಿಸಲಿಲ್ಲ. ಮರುವರ್ಷ ಬಂದ ಬೇರೆ ಸಾಹೇಬರು ಅದನ್ನು ಕೇಳಲೂ ಇಲ್ಲ, ನಾನು ಪಾಸಾದೆ.

ಈಗ, ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೂ, ಶಾಲೆಗಳ ಪ್ರಯೋಗಾಲಯಗಳಿಗೆ ಹೋಗುತ್ತಿರುತ್ತೇನೆ. ಉಪಕರಣಗಳು ಹೊಳೆಯುತ್ತವೆ. ಮಕ್ಕಳು ಮೊದಲು ಉತ್ತರ ಬರೆದುಕೊಂಡು ಆಮೇಲೆ ಅಳೆಯುತ್ತಾರೆ. "ಅಳತೆ ಹೊಂದದಿದ್ದರೆ?" ಎಂದು ಒಬ್ಬಳನ್ನು ಕೇಳಿದೆ. "ಅಳತೀನೇ ತಿದ್ದತೀವ್ರಿ ಮೇಡಂ," ಎಂದಳು ನಿರಾಳವಾಗಿ. ಅಂದು ನಾನು ಕಳೆದುಕೊಂಡದ್ದು ಒಂದು ವರ್ಷ. ತಾನು ಕಳೆದುಕೊಳ್ಳುತ್ತಿರುವುದೇನೆಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. "ನಿನ್ನ ಕಣ್ಣಿಗಿ ಕಂಡದ್ದನ್ನ" ಎಂದು ನಾನು ಹೇಳಿದೆ, ಅವಳ ಶಿಕ್ಷಕರ ಎದುರಿನಲ್ಲೇ.