ಅಮ್ಮ ಚಾಚಿದ ಕೈ

ಬೆಳಿಗ್ಗೆ ಏಳೂಕಾಲಿಗೆ ಟೌರಂಗಾದ ಬೀಚಿನಲ್ಲಿ, ಅಲೆ ತಂದು ಎಸೆದಿದ್ದ ಗಜದುದ್ದದ ಕಡಲ ಹಾವಿನ ಫೋಟೋ ತೆಗೆಯುತ್ತಿದ್ದೆ. ನಾನು ನೆಲೆಸಿರುವ ಈ ದ್ವೀಪ ದೇಶದ ನೆಲದಲ್ಲಿ ಹಾವಿಲ್ಲ. ಕಡಲಿನದು ಅಪರೂಪಕ್ಕೆ ಬರುತ್ತದೆ, ಕಚ್ಚಿದರೆ ಜೀವ ಹೋಗಬಹುದು. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಇದನ್ನು ಹೇಳುವಷ್ಟರಲ್ಲೇ ಕ್ಯಾಮೆರಾದೊಳಗೆ ಅವಳ ಕೈ ಕಾಣಿಸಿತು.

“ಮುಟ್ಟಬೇಡಮ್ಮಾ!”

“ಸಾಯ್ತಾ ಇದೆ ಕಣೋ, ಮುಟ್ಟಿ ಕಣ್ಣಿಗೊತ್ಕೋತೀನಿ.”

ಹಾವು ಬಾಯಿ ತೆರೆಯಿತು. ಅಮ್ಮನನ್ನು ಹಿಂದಕ್ಕೆಳೆದೆ; ಇಬ್ಬರೂ ಮರಳಿಗೆ ಬಿದ್ದೆವು. ಅಲೆ ಹಾವನ್ನು ಮತ್ತೆ ಒಯ್ದಿತು.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಆ ಕೈ ಹಾವಿನತ್ತ ಚಾಚಿಕೊಳ್ಳುತ್ತಿತ್ತು. ಅಮ್ಮನೋ, ದಿನಾ ಹಾಲು ಹಿಡಿದು ಬೀಚಿಗೆ ಹೊರಡುತ್ತಿದ್ದಳು. ಕಾವಲಿಗೆ ನಾನೂ ಹೋಗುತ್ತಿದ್ದೆ. ಕೊನೆಗೊಂದು ದಿನ ಹಾವು ದಡದಲ್ಲಿ ಸತ್ತು ಬಿದ್ದಿತ್ತು. ಅಮ್ಮ ತಲೆಗೆ ಸ್ನಾನ ಮಾಡಿ ಆ ದಿನ ಊಟ ಬಿಟ್ಟಳು. ಅಂದು ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.